ಆರ್ಬಿನ್ ಕಾದ ಹತ್ತೊಂಬತ್ತು ಸೆಕೆಂಡು

ಅಪ್ಪನ ಕ್ಯಾಸೆಟ್ಟಿನಲ್ಲಿದ್ದ ಗುಂಯ್ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದರಲ್ಲೇ ಗುರುವಾರದ ಬೆಳಗೆಲ್ಲ ಹಾಳಾಯಿತು. ಮೊದಲು ತಂತಿಗಳನ್ನು ಬೈದೆ. ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದೆ. ಟ್ಯೂಬ್‌ಲೈಟ್ ಆರಿಸಿದೆ. ಪಕ್ಕದ ಕೋಣೆಯ ಫ್ರಿಜ್ಜಿನ ಪ್ಲಗ್ ಕಿತ್ತೆ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿದೆ. ಸದ್ದು ಜಗ್ಗಲಿಲ್ಲ. ಕೊನೆಗೆ ಕ್ಯಾಸೆಟ್ಟನ್ನೇ ನಿಲ್ಲಿಸಿದೆ. ಸದ್ದೂ ನಿಂತಿತು. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡುವುದು ಸಿಟ್ಟಿನವರ ಹಣೆಬರಹ.

"ನನ್ನ ಹಾಲು ಒಡೆದ್ರೆ ನಿನ್ನ ತಲೇನೂ ಒಡೀತೀನಿ" ಎಂದು ಹೋಬರ್ಟ್ ಬಾಗಿಲಲ್ಲಿ ನಿಂತು ಕೂಗಿದ. ಅವನು ನಾನು ಕೆಲಸ ಮಾಡುವ ಈ ರೇಡಿಯೋ ಸ್ಟೇಷನ್ನಿನ ಯಜಮಾನ. ಅರವತ್ತೆರಡು ವರ್ಷ. ತಲೆಯ ಮೇಲಿನ ಟೊಪ್ಪಿಗೆ ತೆಗೆದದ್ದನ್ನು ಅವನ ಹೆಂಡತಿಯೂ ನೋಡಿರಲಿಕ್ಕಿಲ್ಲ.

"ಪ್ಲಗ್ ಹಾಕ್ಕೋ ಹೋಗು. ಸದ್ದು ಟೇಪಲ್ಲೇ ಇದೆ."

"ಅಷ್ಟು ಹೇಳೋಕೆ ಮೂರು ಗಂಟೆ ಬೇಕಾಯ್ತಾ ತಾಯಿ?"

ನಾನು ಹೆಡ್‌ಫೋನ್ ಎಸೆಯುವ ಹಾಗೆ ಕೈ ಎತ್ತಿದೆ. ಅವನು ಹೋದ.

ಅಮೆರಿಕದ ಕೆಂಟಕಿಯ ಈ ಗುಡ್ಡಗಳಲ್ಲಿ ಯಾರ ಮನೆಯಲ್ಲಿ ಸತ್ತವರ ದನಿಯಿರುವ ಕ್ಯಾಸೆಟ್ ಇದ್ದರೂ ಅದು ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬರುತ್ತದೆ. ನಾನು ಓದಿದ್ದು ಲಾರೆಲ್ ಹಳ್ಳದ ಎರಡು ಕೋಣೆಯ ಶಾಲೆಯಲ್ಲಿ, ಎಂಟನೇ ಕ್ಲಾಸಿನ ತನಕ. ಸದ್ದು ತೊಳೆಯುವ ಈ ಸಾಫ್ಟ್‌ವೇರನ್ನು ಯಾರೂ ಹೇಳಿಕೊಡಲಿಲ್ಲ, ಕೆಡಿಸಿ ಕೆಡಿಸಿ ಕಲಿತೆ. ವರ್ಷಕ್ಕೊಮ್ಮೆ ನಮ್ಮ ಚರ್ಚಿನ ಸಭೆಯಲ್ಲಿ ಒಂದೊಂದು ಕುಟುಂಬ ತನ್ನ ಸತ್ತವರ ನೆನಪಿಗೆ ಕೂಡುತ್ತದೆ. ಅಂದು ಬೆಳಗ್ಗೆ ಆ ಮನೆಯವರ ಹಳೆಯ ಹಾಡನ್ನು ರೇಡಿಯೋದಲ್ಲಿ ಹಾಕುತ್ತೇವೆ. ಈ ಭಾನುವಾರ ನಮ್ಮ ಸ್ಟಿಡಮ್ ಮನೆಯ ಸರದಿ. ಅಪ್ಪ ಕ್ಲೆಡಿಸ್, ಅಣ್ಣ ಆರ್ಬಿನ್. ಇಬ್ಬರನ್ನೂ ಕಲ್ಲಿದ್ದಲೇ ತಿಂದಿತು. ಅಪ್ಪನನ್ನು ಶ್ವಾಸಕೋಶದಿಂದ ನಿಧಾನವಾಗಿ, ಅಣ್ಣನನ್ನು ಗಣಿಯ ಸೂರು ಕುಸಿದು ಒಂದೇ ಗಳಿಗೆಯಲ್ಲಿ.

ಕ್ಯಾಸೆಟ್ ಕೊಟ್ಟವಳು ಅಮ್ಮ. ಎಂಬತ್ತೆರಡು ವರ್ಷ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೋಗುವ ಹಾದಿಯಲ್ಲಿದೆ.

"ಗುಂಯ್ ಅನ್ನೋದನ್ನ ತೆಗೆದುಕೊಡೇ ವರ್ಲಿ. ಮೊದಲು ಅದರ ಅಡಿಯಿಂದ ಕೇಳಿಸ್ತಿತ್ತು. ಈಗ ಕೇಳಿಸ್ತಿಲ್ಲ. ಈ ಕಿವಿಯೂ ಹೋಗೋದರೊಳಗೆ ಒಂದು ಸಲ ಚೆನ್ನಾಗಿ ಕೇಳಬೇಕು" ಎಂದಿದ್ದಳು.

ಅಪ್ಪನ ದನಿ ಗುಂಯ್ ಸದ್ದಿಗಿಂತ ಹತ್ತು ಪಾಲು ದೊಡ್ಡದು. ಅಡಿಯಿಂದ ಕೇಳಿಸುವುದೇನು ಬಂತು? ಮುದುಕಿಯ ಮಾತು ಎಂದುಕೊಂಡು ನಾನು ಕೆದಕಲಿಲ್ಲ. ಕೆದಕದೆ ಇರಲು ನನಗೆ ಬೇರೆ ಕಾರಣವೂ ಇತ್ತು.

ಕ್ಯಾಸೆಟ್ಟಿನ ಹಿಂಬದಿಯಲ್ಲಿ ಎರಡು ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗುವುದಿಲ್ಲ. ನಮ್ಮ ಮನೆಯಲ್ಲಿ ಉಳಿಸಿಕೊಳ್ಳಬೇಕಾದ್ದಕ್ಕೆ ಮಾತ್ರ ಹಲ್ಲು ಮುರಿಯುತ್ತಿದ್ದೆವು. ಆ ತೂತಿನ ಮೇಲೆ ಒಂದು ತುಂಡು ಅಂಟುಪಟ್ಟಿ ಹಚ್ಚಿದರೆ ಯಂತ್ರ ಮೋಸಹೋಗುತ್ತದೆ ಎಂಬುದು ನನಗೆ ಹದಿನಾಲ್ಕನೇ ವಯಸ್ಸಿಗೇ ಗೊತ್ತಿತ್ತು.

ಈ ಕ್ಯಾಸೆಟ್ಟಿಗೆ ಪಟ್ಟಿ ಹಚ್ಚಿದವಳು ನಾನು. ಈಗ ನೋಡಿದರೆ ಪಟ್ಟಿ ಇರಲಿಲ್ಲ. ತೂತಿನ ಸುತ್ತ ಕಂದುಬಣ್ಣದ ಅಂಟು ಮಾತ್ರ ಉಳಿದಿತ್ತು. ಯಾರೋ ಕಿತ್ತಿದ್ದರು. ನಾನಂತೂ ಅಲ್ಲ.

ಆರ್ಬಿನ್ ಸತ್ತ ವರ್ಷದ ಆಗಸ್ಟ್ ಅದು. ಸಭೆಯಲ್ಲಿ ಅವನ ಹೆಸರಿನಲ್ಲಿ ಅಪ್ಪ ಹಾಡು ಎತ್ತಿಕೊಡುವವರಿದ್ದರು. ನಮ್ಮಲ್ಲಿ ವಾದ್ಯವಿಲ್ಲ. ಮುಂದಾಳು ಒಂದು ಸಾಲು ಎತ್ತಿಕೊಡುತ್ತಾನೆ, ಜನ ಅದನ್ನೇ ನಿಧಾನವಾಗಿ, ಬೆಟ್ಟ ಹತ್ತುವವರ ಹಾಗೆ ಎಳೆದು ಹಾಡುತ್ತಾರೆ. ಎತ್ತಿಕೊಟ್ಟ ಸಾಲನ್ನು ಯಾರೂ ನೆಲಕ್ಕೆ ಬೀಳಗೊಡುವುದಿಲ್ಲ, ಜಗಳವಾಡಿ ಬಂದವನೂ ಉತ್ತರ ಕೊಡುತ್ತಾನೆ. ಹೆಂಗಸರು ಎತ್ತಿಕೊಡುವಂತಿಲ್ಲ. ಹಾಗಾಗಿ ನಾನು ರೆಕಾರ್ಡರ್ ಹಿಡಿದೆ. ಖಾಲಿ ಕ್ಯಾಸೆಟ್ ಇರಲಿಲ್ಲ. ಡಬ್ಬದಲ್ಲಿ ಹೆಸರು ಬರೆಯದ ಒಂದಿತ್ತು, ಹಲ್ಲು ಮುರಿದಿತ್ತು. ಪಾದ್ರಿಯ ಯಾವುದೋ ಹಳೇ ಪ್ರಸಂಗ ಇರಬೇಕೆಂದು ನನಗೆ ನಾನೇ ಹೇಳಿಕೊಂಡು ಪಟ್ಟಿ ಹಚ್ಚಿದೆ. ಹುರುಪಿನಲ್ಲಿ, ಅಪ್ಪ ಏಳುವುದಕ್ಕೆ ಐವತ್ತು ಸೆಕೆಂಡು ಮೊದಲೇ ಗುಂಡಿ ಒತ್ತಿಬಿಟ್ಟೆ.

ಮನೆಗೆ ಬಂದು ನೋಡಿದರೆ ಪ್ರಸಂಗದ ಕ್ಯಾಸೆಟ್ ಡಬ್ಬದ ತಳದಲ್ಲಿ ಹಾಗೇ ಇತ್ತು. ಇಲ್ಲದ್ದು ಆರ್ಬಿನ್‌ನದು. ಅವನಿಗೆ ಹಾಡು ಎತ್ತಿಕೊಡುವ ಆಸೆ. ಸಭೆಯಲ್ಲಿ ನಿಲ್ಲಲು ನಾಚಿಕೆ. ಕೆಟ್ಟುನಿಂತ ಟ್ರಕ್ಕಿನೊಳಗೆ ಕೂತು, ಗಾಜು ಏರಿಸಿಕೊಂಡು ಒಬ್ಬನೇ ಅಭ್ಯಾಸ ಮಾಡಿ ತುಂಬಿಸಿದ ಟೇಪು ಅದು. ಅವನ ದನಿ ಈ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ನಾನು ಬಾಯಿ ಬಿಡಲಿಲ್ಲ. ಅಮ್ಮ ಕೇಳಲೂ ಇಲ್ಲ. ಯಾರಾದರೂ ವಿಚಾರಿಸಿದರೆ "ಆರ್ಬಿನ್ ಟೇಪು ಅವನ ಜೊತೆಗೇ ಹೋಯ್ತು, ಕೋಟಿನ ಜೇಬಲ್ಲಿಟ್ಟೆ" ಎನ್ನುತ್ತಿದ್ದಳು. ಕೋಟನ್ನು ಇಸ್ತ್ರಿ ಮಾಡಿದವಳು ನಾನು. ಜೇಬಿನಲ್ಲಿ ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. ಆ ಆಗಸ್ಟಿನಿಂದ ಸಭೆಯಲ್ಲಿ ನಾನು ಹಾಡಿಲ್ಲ. ಗಂಟಲು ಸರಿಯಿಲ್ಲ ಎನ್ನುತ್ತೇನೆ. ನಲವತ್ತು ವರ್ಷ ಸರಿಯಿಲ್ಲದ ಗಂಟಲು!

ಇರಲಿ, ಕೆಲಸಕ್ಕೆ ಬರೋಣ. ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಮೊದಲು ಗದ್ದಲ ಯಾವುದು ಎಂದು ತೋರಿಸಿಕೊಡಬೇಕು. ಯಾರೂ ಮಾತಾಡದ, ಹಾಡದ ಒಂದು ತುಂಡನ್ನು ಆರಿಸಿ ಇದೇ ಕಸ ಅಂದರೆ, ಟೇಪಿನ ಉದ್ದಕ್ಕೂ ಅಂಥದ್ದನ್ನೆಲ್ಲ ಗುಡಿಸುತ್ತದೆ. ಅಪ್ಪ ಶುರುಮಾಡುವ ಮೊದಲಿನ ಐವತ್ತು ಸೆಕೆಂಡು ಅದಕ್ಕೆಂದೇ ಇಟ್ಟ ಹಾಗಿತ್ತು. ಕೇಳಿದರೆ ಗುಂಯ್ ಸದ್ದು ಮಾತ್ರ. ಸಭೆಯ ಊಟದ ಕೋಣೆಯ ಹಳೇ ಫ್ರಿಜ್ಜಿನದು, ಅದರ ಹತ್ತಿರದ ಪ್ಲಗ್ಗಿಗೇ ನಾನು ರೆಕಾರ್ಡರ್ ಹಾಕಿದ್ದೆ. ಅದನ್ನು ತೋರಿಸಿದೆ. ಗುಡಿಸಿತು. ಅಪ್ಪನ ದನಿ ತೊಳೆದ ಗಾಜಿನ ಹಾಗೆ ಬಂತು. ಮೊದಲಿನ ಐವತ್ತು ಸೆಕೆಂಡು ಖಾಲಿ ತಾನೆ, ಕತ್ತರಿಸಿ ಬಿಸಾಡಿದೆ. ಅದೇ ಫೈಲಿನ ಮೇಲೆ ಉಳಿಸಿದೆ. ಮೊದಲಿನ ಪ್ರತಿಯನ್ನು ಮುಟ್ಟಬಾರದು ಎಂದು ಊರಿಗೆಲ್ಲ ಉಪದೇಶ ಮಾಡುವವಳು ನಾನು. ಬೇಗ ಮುಗಿಸಿ ಆ ಕ್ಯಾಸೆಟ್ಟನ್ನು ಕಣ್ಣಿಂದ ದೂರ ಮಾಡಬೇಕಿತ್ತು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಕ್ಯಾಸೆಟ್ಟನ್ನು ಹಿಂದಕ್ಕೆ ಕೊಟ್ಟು, ತೊಳೆದದ್ದನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಹಾಕಿ ಕೇಳಿಸಿದೆ. ಒಲೆಯ ಮೇಲೆ ಬೀನ್ಸ್ ಕುದಿಯುತ್ತಿತ್ತು. ಅಮ್ಮ ಹೆಡ್‌ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಅಪ್ಪನ ಮೊದಲ ಸಾಲು ಬಂದಿರಬೇಕು, ಕಣ್ಣು ತೆರೆದಳು.

"ಮುಂಚಿನದೆಲ್ಲಿ?"

"ಯಾವ ಮುಂಚಿನದು?"

"ಇದಕ್ಕೆ ಮುಂಚಿನದು ಕಣೇ. ನಿಮ್ಮಪ್ಪ ಬಾಯಿ ಹಾಕೋಕೆ ಮುಂಚೆ."

"ಅದರಲ್ಲಿ ಏನಿತ್ತಮ್ಮಾ? ಬರೀ ಗುಂಯ್. ಅದನ್ನೇ ತಾನೆ ತೆಗಿ ಅಂದಿದ್ದು?"

"ಗುಂಯ್ ತೆಗಿ ಅಂದೆ. ಎಲ್ಲಾನೂ ತೆಗಿ ಅಂದ್ನಾ?"

"ಎರಡು ದಿನ ಕಣ್ಣು ಕಿತ್ಕೊಂಡು ಕೂತಿದ್ದೀನಿ! ಅಪ್ಪ ಎದುರಿಗೆ ನಿಂತು ಹಾಡಿದ ಹಾಗಿದೆ. ನಿಂಗೆ ಅದೂ ಸಾಲದು!"

ಅಮ್ಮ ಜಗಳ ಮಾಡಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ಒಂದಿಷ್ಟು ದೂರ ತಳ್ಳಿದಳು. "ಇದರಲ್ಲಿ ಅವನಿಲ್ಲ" ಎಂದಳು.

ನಾನು ಬಾಗಿಲು ಬಡಿದುಕೊಂಡು ಹೊರಗೆ ಹೋದೆ. ಅವನು ಎಂದರೆ ಯಾರು ಎಂದು ಕೇಳಲಿಲ್ಲ. ಕೇಳಲು ಭಯವಾಯಿತು.

ಕಾರು ಗಣಿಯ ತಿರುವಿನ ತನಕ ಹೋದ ಮೇಲೆ ಒಂದು ವಿಷಯ ತಲೆಗೆ ಬಂತು. ಅಮ್ಮ ಪಾತ್ರೆ ತೊಳೆಯುವಾಗ ಹಾಡುತ್ತಾಳೆ. ನಾನು ಹುಡುಗಿಯಾಗಿದ್ದಾಗಿಂದ ಕೇಳಿದ್ದೇನೆ. ಎಂದೂ ಎತ್ತಿಕೊಡುವ ಸಾಲನ್ನು ಹಾಡಿದವಳಲ್ಲ, ಜನ ಎಳೆದು ಕೊಡುವ ಉತ್ತರ ಮಾತ್ರ. ಒಂದು ಉತ್ತರ, ಆಮೇಲೆ ಸುಮ್ಮನೆ, ಆಮೇಲೆ ಇನ್ನೊಂದು ಉತ್ತರ. ಹೆಂಗಸರ ಅಭ್ಯಾಸ ಎಂದುಕೊಂಡಿದ್ದೆ. ಆದರೆ ಯಾವಾಗಲೂ ಅದೇ ಎರಡು ಸಾಲು. ಮೂರನೆಯದಿಲ್ಲ.

ಕಾರು ತಿರುಗಿಸಿದೆ.

ಅಮ್ಮ ಅಡುಗೆಮನೆಯ ಕುರ್ಚಿಯಲ್ಲೇ ಇದ್ದಳು. ಮಡಿಲ ತುಂಬ ಕಂದು ರಿಬ್ಬನ್. ನಾನು ಹೋದ ಮೇಲೆ ಕ್ಯಾಸೆಟ್ಟನ್ನು ತನ್ನ ಹಳೇ ಪ್ಲೇಯರಿಗೆ ಹಾಕಿದ್ದಾಳೆ. ಯಂತ್ರ ಅದರ ಮೊದಲ ಮಾರುದ್ದವನ್ನು ಜಗಿದು ಉಗುಳಿತ್ತು.

"ಎಳೀಲಿಲ್ಲ ಮಗಾ" ಎಂದಳು. "ಎಳೆದ್ರೆ ಹರಿಯುತ್ತೆ ಅಂತ ಹಾಗೇ ಹಿಡ್ಕೊಂಡು ಕೂತೆ."

"ಆ ಪಟ್ಟಿ ಕಿತ್ತಿದ್ದು ನೀನಾ ಅಮ್ಮ?"

ಬಲಗಿವಿಗೆ ಕೇಳಿಸುವಷ್ಟು ಜೋರಾಗಿಯೇ ಕೇಳಿದ್ದೆ. ಅಮ್ಮ ರಿಬ್ಬನ್ನಿನಿಂದ ಕಣ್ಣು ತೆಗೆಯಲಿಲ್ಲ.

"ಮೊದಲು ಇದನ್ನ ತಗೋ" ಎಂದಳು.

ಶನಿವಾರ ಬೆಳಗ್ಗೆ ಸ್ಟೇಷನ್ನಿನಲ್ಲಿ ಕೂತು ಆ ರಿಬ್ಬನ್ನನ್ನು ಬೆರಳ ತುದಿಯಲ್ಲಿ ಇಂಚಿಂಚೇ ನೇರ ಮಾಡಿದೆ. ನನ್ನ ಸಿಟ್ಟನ್ನು ಬಲ್ಲವರು ನಂಬಲಾರರು. ನಾಲ್ಕು ತಾಸು ಒಂದು ಬೈಗುಳವೂ ಬಾಯಿಂದ ಬರಲಿಲ್ಲ. ಎರಡು ಕಡೆ ಟೇಪು ಕೂದಲಿನಷ್ಟು ತೆಳುವಾಗಿತ್ತು. ಒಂದು ಸಲ ಓಡೀತು. ಎರಡನೇ ಸಲ ಖಂಡಿತ ಇಲ್ಲ. ಹೊಸ ಕ್ಯಾಸೆಟ್ಟಿನ ಚಿಪ್ಪಿಗೆ ಸುತ್ತಿ, ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಎರಡೆರಡು ಸಲ ಒರೆಸಿ, ದನಿಯ ಮಟ್ಟ ಎಷ್ಟಿಡಬೇಕೆಂದು ಬೇರೆ ಟೇಪು ಹಾಕಿ ನೋಡಿಕೊಂಡೆ. ಆಮೇಲೆ ಗುಂಡಿ ಒತ್ತಿದೆ. ನಲವತ್ತು ವರ್ಷದ ಹಿಂದೆ ಒತ್ತಿದ್ದೂ ಇದೇ ಬೆರಳು.

ನಲವತ್ತೆಂಟನೇ ಸೆಕೆಂಡಿನಲ್ಲಿ ಟೇಪು ಪಟ್ ಎಂದಿತು, ಹರಿಯಲಿಲ್ಲ. ಓಡುತ್ತಲೇ ಇತ್ತು. ಅಪ್ಪನ ದನಿ ಬಂತು. ನಿಲ್ಲಿಸಿದೆ. ಮೊದಲ ಕೆಲಸವಾಗಿ ಆ ಫೈಲನ್ನು ಮೂರು ಕಡೆ ಇಟ್ಟೆ.

ಈ ಸಲ ಕೇಳುವ ಮೊದಲು ನೋಡಿದೆ. ಸದ್ದನ್ನು ಚಿತ್ರ ಮಾಡಿ ತೋರಿಸುವ ಪರದೆಯೊಂದಿದೆ. ಅದರಲ್ಲಿ ಫ್ರಿಜ್ಜಿನ ಗುಂಯ್ ಅಡ್ಡಗೆರೆಗಳಾಗಿ ಕಾಣುತ್ತದೆ, ಸ್ಕೇಲ್ ಇಟ್ಟು ಎಳೆದ ಹಾಗೆ, ಸಮಸಮ ದೂರದಲ್ಲಿ. ಮನುಷ್ಯನ ದನಿ ಹಾಗಿರುವುದಿಲ್ಲ, ಅಲೆಯಾಗುತ್ತದೆ, ಬಾಗುತ್ತದೆ. ನಾನು ಕಸ ಎಂದು ತೋರಿಸಿದ್ದ ಆ ಜಾಗದಲ್ಲಿ, ಗೆರೆಗಳ ನಡುವೆ, ನೀರಿನಡಿಯ ಮೀನಿನ ಬೆನ್ನಿನ ಹಾಗೆ ತೆಳುವಾದ ಅಲೆಗಳಿದ್ದವು.

ನನ್ನ ರೋಮ ನಿಂತಿತು. ಕಾರಣ ಗೊತ್ತಿಲ್ಲದೆ ಅಲ್ಲ. ಕಾರಣ ನನಗೆ ಚೆನ್ನಾಗಿಯೇ ಗೊತ್ತು. ನಮ್ಮ ಅಗ್ಗದ ರೆಕಾರ್ಡರಿನಲ್ಲಿ ಹಳೆಯದನ್ನು ಅಳಿಸುವ ಅಯಸ್ಕಾಂತ ಸವೆದಿತ್ತು. ಹೊಸದನ್ನು ಬರೆಯುತ್ತಿತ್ತು, ಹಳೆಯದನ್ನು ಪೂರ್ತಿ ಅಳಿಸುತ್ತಿರಲಿಲ್ಲ. ಅಷ್ಟೇ. ಆದರೂ ಕಾರಣ ಗೊತ್ತಿದ್ದ ಮಾತ್ರಕ್ಕೆ ಕತ್ತಿನ ಹಿಂದಿನ ತಣುಪು ಹೋಗಲಿಲ್ಲ.

ಈ ಸಲ ಗುಡಿಸಲಿಲ್ಲ. ಕರೆಂಟಿನ ಗುಂಯ್ ಸೆಕೆಂಡಿಗೆ ಅರವತ್ತು ಕಂಪನದ ಮೇಲೆ ಕೂತಿರುತ್ತದೆ, ಆಮೇಲೆ ನೂರಿಪ್ಪತ್ತು, ನೂರೆಂಬತ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಆ ಒಂದೊಂದು ಗೆರೆಯನ್ನೇ ಕಿರಿದಾದ ಫಿಲ್ಟರಿನಿಂದ, ಅಕ್ಕಿಯ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದೆ. ಪಕ್ಕದ್ದನ್ನು ಮುಟ್ಟಲಿಲ್ಲ. ಉಳಿದದ್ದನ್ನು ಎತ್ತರಿಸಿದೆ. ಹೆಡ್‌ಫೋನ್ ಹಾಕಿಕೊಂಡೆ.

ಟ್ರಕ್ಕಿನ ಸೀಟು ಕಿರುಗುಟ್ಟಿತು. ಯಾರೋ ಗಂಟಲು ಸರಿಮಾಡಿಕೊಂಡರು. ಇಪ್ಪತ್ತು ವರ್ಷದ ಹುಡುಗನ ದನಿ, ದೂರದಿಂದ, ನೆಲದಡಿಯಿಂದ ಬಂದ ಹಾಗೆ:

*ಹೊಳೆಯ ದಾಟುವೆ ಕರ್ತನೆ, ಕೈ ಹಿಡಿಯೋ...*

ಆಮೇಲೆ ಏನೂ ಇಲ್ಲ. ನಾನು ಪರದೆಯ ಮೇಲಿನ ಸೆಕೆಂಡುಗಳನ್ನು ನೋಡುತ್ತ ಕೂತೆ. ಹತ್ತು. ಹದಿನೈದು. ಹತ್ತೊಂಬತ್ತು. ಸಭೆಯ ಜನ ಎಳೆದು ಹಾಡಿ ಮುಗಿಸಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟು. ಕೆಟ್ಟ ಟ್ರಕ್ಕಿನಲ್ಲಿ ಒಬ್ಬನೇ ಕೂತು, ಇಲ್ಲದ ಜನಕ್ಕಾಗಿ ಕಾದಿದ್ದ. ಆಮೇಲೆ ಎರಡನೆಯದು:

*ಎದೆಮಟ್ಟ ತಣ್ಣೀರು, ದಡವಿಲ್ಲ ಕಣ್ಣಿಗೆ...*

ಮತ್ತೆ ಹತ್ತೊಂಬತ್ತು. ಮೂರನೆಯದಕ್ಕೆ ಅವನು ಉಸಿರು ಎಳೆದುಕೊಂಡ. *ಆಚೆಯ* ಎಂದ. ಅಷ್ಟರಲ್ಲಿ ಅಪ್ಪನ ದನಿ ಬಂಡೆಯ ಹಾಗೆ ಮೇಲೆ ಬಿತ್ತು.

ನಾನು ಅಲ್ಲೇ ಕೂತು ಅತ್ತೆನೆಂದು ಬರೆಯುವುದಿಲ್ಲ. ಮೇಜಿಗೆ ಗುದ್ದಿದೆ. ಹೋಬರ್ಟ್ ಓಡಿ ಬಂದು ಮುಖ ನೋಡಿ ಹಿಂದಕ್ಕೆ ಹೋದ.

ಸಂಜೆ ಮನೆಯಲ್ಲಿ ಅಮ್ಮನ ಬಲಗಿವಿಗೆ ಹೆಡ್‌ಫೋನ್ ಇಟ್ಟೆ. ಈ ಕಡೆ ನನಗೇನೂ ಕೇಳಿಸುವಂತಿರಲಿಲ್ಲ. ಒಲೆಯ ಮೇಲೆ ಇವತ್ತೂ ಬೀನ್ಸ್ ಇತ್ತು. ಅಡುಗೆಮನೆಯಲ್ಲಿ ಗಡಿಯಾರದ ಟಿಕ್‌ಟಿಕ್ ಮಾತ್ರ. ಅಮ್ಮ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು, ಒಡಕು ದನಿಯಲ್ಲಿ, ನಿಧಾನವಾಗಿ, *ಹೊಳೆಯ ದಾಟುವೆ ಕರ್ತನೆ* ಎಂದು ಉತ್ತರ ಕೊಟ್ಟಳು. ಸರಿಯಾಗಿ ಹತ್ತೊಂಬತ್ತು ಸೆಕೆಂಡು. ನಿಲ್ಲಿಸಿದಳು. ಕೇಳಿಸಿಕೊಂಡಳು. ಮತ್ತೆ ಉತ್ತರ ಕೊಟ್ಟಳು. ಪಾತ್ರೆ ತೊಳೆಯುವಾಗಿನ ಅದೇ ಎರಡು ಸಾಲು. ನಲವತ್ತು ವರ್ಷ ಅವಳು ಯಾರಿಗೆ ಹಾಡುತ್ತಿದ್ದಳೋ ಅವನು ಆ ನಡುವಿನ ಮೌನದಲ್ಲಿ ಇದ್ದ. ಆಗೆಲ್ಲ ನಾನು ಪಕ್ಕದಲ್ಲೇ ನಿಂತು ತಟ್ಟೆ ಒರೆಸುತ್ತಿದ್ದೆ.

ಹೆಡ್‌ಫೋನ್ ತೆಗೆದ ಮೇಲೆ ಹೇಳಿದೆ. "ಪಟ್ಟಿ ಹಚ್ಚಿದ್ದು ನಾನಮ್ಮ. ಹಲ್ಲು ಮುರಿದಿದ್ದು ನೋಡಿದ್ದೆ. ನೋಡಿಯೇ ಹಚ್ಚಿದೆ."

"ಗೊತ್ತು."

"ಯಾವಾಗಿಂದ?"

"ಆ ಆಗಸ್ಟಿಂದ. ಮಾರನೇ ದಿನ ಹಾಕಿ ಕೇಳ್ದೆ. ನಿಮ್ಮಪ್ಪನ ಮುಂಚೆ ಇವನಿದ್ದ, ಗೋಡೆ ಆಚೆ ಇದ್ದಂಗೆ. ಇನ್ಯಾರಾದ್ರೂ ಮೇಲೆ ಬರೆದುಬಿಟ್ಟಾರು ಅಂತ ಪಟ್ಟಿ ಕಿತ್ತೆ."

"ಒಂದು ಮಾತು ಬೈಯಬಾರದಿತ್ತಾ? ಹೊಡೀಬಾರದಿತ್ತಾ?"

"ಒಂದನ್ನ ಮಣ್ಣಿಗೆ ಹಾಕಿದ್ದೆ. ಇನ್ನೊಂದನ್ನ ಹೊಡೆಯೋಕೆ ಕೈ ಬರಲಿಲ್ಲ." ಅಮ್ಮ ಮೂಗು ಒರೆಸಿಕೊಂಡಳು. "ಊರೋರು ಕೇಳಿದ್ರೆ ನಿನ್ನ ಹೆಸರು ಬರಬಾರದು ಅಂತ ಕೋಟು, ಜೇಬು, ಸುಳ್ಳು. ಸಭೇಲಿ ಕೂತು ಸುಳ್ಳು ಹೇಳಿದೆ ಕಣೇ, ನಿನ್ನಿಂದ. ಬೀನ್ಸ್ ತಳ ಹತ್ತಿದೆ ನೋಡು."

ಒಲೆ ಆರಿಸಿ ಬಂದೆ. ಅಮ್ಮ ಹೇಳಿದಳು: "ನಾಳೆ ರೇಡಿಯೋಗೆ ಇದನ್ನ ಹಾಕು."

"ಅಪ್ಪನ್ನ?"

"ಅಪ್ಪನಿಗೆ ಜನ ಉತ್ತರ ಕೊಟ್ಟಾಗಿದೆ, ನೂರು ಸಲ. ಇವನಿಗೆ ನಾನೊಬ್ಬಳೇ."

ಭಾನುವಾರ ಬೆಳಗ್ಗೆ ಎಂಟಕ್ಕೆ ಹೋಬರ್ಟ್ ತಲೆ ಚಚ್ಚಿಕೊಂಡ.

"ಹತ್ತೊಂಬತ್ತು ಸೆಕೆಂಡು ಸುಮ್ನೆ ಬಿಡ್ತೀಯಾ? ಅದೂ ಎರಡು ಸಲ? ಹತ್ತು ಸೆಕೆಂಡು ಸದ್ದಿಲ್ಲದೇ ಇದ್ರೆ ಯಂತ್ರ ತಾನೇ ಪಿಟೀಲಿನ ರೆಕಾರ್ಡು ಹಾಕುತ್ತೆ. ಜನ ಸ್ಟೇಷನ್ ಸತ್ತೋಯ್ತು ಅಂದ್ಕೋತಾರೆ."

"ಪಿಟೀಲಿನ ತಂತಿ ಕಿತ್ತಾಗಿದೆ."

"ಯಾರನ್ನ ಕೇಳಿ?"

"ನಿನ್ನ ಹಾಲು ಒಡೀಬೇಕಾ ಇವತ್ತು?"

ಮೈಕಿನಲ್ಲಿ ನಾನು ಹೆಚ್ಚು ಹೇಳಲಿಲ್ಲ. ಸ್ಟಿಡಮ್ ಮನೆಯವರ ನೆನಪಿನ ಸಭೆ, ಕ್ಲೆಡಿಸನ ಮಗ ಆರ್ಬಿನ್ ಎತ್ತಿಕೊಡುತ್ತಾನೆ ಎಂದೆ. ಗುಂಡಿ ಒತ್ತಿದೆ.

ಸೀಟು ಕಿರುಗುಟ್ಟಿತು. ಅವನು ಗಂಟಲು ಸರಿಮಾಡಿಕೊಂಡ. ಮೊದಲ ಸಾಲು ಗುಡ್ಡಗಳ ಮೇಲೆ ಹೋಯಿತು. ಆಮೇಲೆ ಮೌನ. ಪರದೆಯ ಮೇಲೆ ಸೆಕೆಂಡುಗಳು. ಒಂದು. ಎರಡು. ಗಾಜಿನ ಈಚೆ ನನಗೆ ಯಾವ ಅಡುಗೆಮನೆಯೂ ಕೇಳಿಸುವುದಿಲ್ಲ, ಯಾವ ಕಾರೂ ಕೇಳಿಸುವುದಿಲ್ಲ. ಈ ಸಲವೂ ಯಾರೂ ಇಲ್ಲವೇನೋ ಎನಿಸಿತು.

ನನ್ನ ಹಿಂದೆ ಒಂದು ಹಾಳು ದನಿ ಎದ್ದಿತು. ತಿರುಗಿ ನೋಡಿದೆ. ಹೋಬರ್ಟ್. ಟೊಪ್ಪಿಗೆ ಕೈಯಲ್ಲಿತ್ತು, ಬೋಳುತಲೆ ಹೊಳೆಯುತ್ತಿತ್ತು. ಕಣ್ಣು ಮುಚ್ಚಿ ಸಾಲನ್ನು ಎಳೆಯುತ್ತಿದ್ದ.

ಎರಡನೆಯ ಸಾಲು ಬಂತು. ಈ ಸಲ ನನ್ನ ಬಾಯಿಯೂ ತೆರೆಯಿತು. ತುಕ್ಕು ಹಿಡಿದ ಗೇಟಿನ ಸದ್ದು. ಬರಲಿ ಎಂದು ಬಿಟ್ಟೆ. ಹತ್ತೊಂಬತ್ತು ಸೆಕೆಂಡು ಪೂರ್ತಿ.

ಆಮೇಲೆ ಅವನು ಉಸಿರು ಎಳೆದುಕೊಂಡ. *ಆಚೆಯ* ಎಂದ. ಅಲ್ಲಿಗೆ ನಾನು ಕತ್ತರಿಸಿದ್ದೆ. ಅಪ್ಪನನ್ನು ಮೇಲೆ ಬೀಳಗೊಟ್ಟಿರಲಿಲ್ಲ.

ಆ ಸಾಲು ನಮಗೆಲ್ಲ ಗೊತ್ತು. ಗೊತ್ತಿದ್ದರೂ ನಮ್ಮ ಸಭೆಯಲ್ಲಿ, ಎತ್ತಿಕೊಡುವವನು ಮುಗಿಸದೆ ಯಾರೂ ಹಾಡುವಂತಿಲ್ಲ. ಹೋಬರ್ಟ್ ಟೊಪ್ಪಿಗೆ ಹಿಡಿದು ಕಾಯುತ್ತ ನಿಂತ. ನಾನೂ ನಿಂತೆ. ಸ್ಟೇಷನ್ನಿನ ಫೋನು ಹೊಡೆದುಕೊಳ್ಳಲಿಲ್ಲ. ಯಾರೂ ಏನಾಯಿತೆಂದು ಕೇಳಲಿಲ್ಲ. ಲಾರೆಲ್ ಹಳ್ಳದ ಉದ್ದಕ್ಕೂ ಜನ ಹಾಗೇ ಬಾಯಿ ತೆರೆದು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು.

ಆ ಮೌನವನ್ನು ಎಷ್ಟು ಹೊತ್ತು ಬಿಟ್ಟೆನೋ ಲೆಕ್ಕ ಹಿಡಿಯಲಿಲ್ಲ.